ಎರಡನೇ ಡಿಸ್ಕಿನಲ್ಲಿ ಧಾರೆ

700 ಎಂಬಿ ಎಂದು ಮೇಲೆ ಅಚ್ಚು ಹಾಕಿದ ಸಿಡಿ. ಒಳಗಿರುವ ಸಿನಿಮಾ ಮಾತ್ರ 790 ಎಂಬಿ ಚಿಲ್ಲರೆ! ಹೆಚ್ಚಿನ 90 ಎಂಬಿ ಎಲ್ಲಿ ಕೂತಿತು?

ಹುಡುಕಿದಾಗ ಸಿಕ್ಕ ಉತ್ತರ ಇದು. ಸಿಡಿಯ ಒಂದೊಂದು ಸೆಕ್ಟರಿನಲ್ಲಿ 2352 ಬೈಟ್ ಜಾಗವಿದೆ. ಕಂಪ್ಯೂಟರಿನ ಮಾಮೂಲಿ ಫೈಲ್ ಬರೆದರೆ ಅದಕ್ಕೆ ದಕ್ಕುವುದು 2048 ಬೈಟ್ ಮಾತ್ರ. ಉಳಿದ ಜಾಗದ ಬಹುಪಾಲು, ಗೀರು ಬಿದ್ದರೂ ತಪ್ಪನ್ನು ತಿದ್ದಿ ಓದಿಕೊಳ್ಳುವ ಲೆಕ್ಕಕ್ಕೆ ಮೀಸಲು. ವಿಡಿಯೋ ಸಿಡಿ, ಅಂದರೆ ವಿಸಿಡಿ, ಈ ಕಾವಲನ್ನು ಕೈಬಿಟ್ಟು 2324 ಬೈಟನ್ನು ಚಿತ್ರಕ್ಕೇ ಕೊಡುತ್ತದೆ. ಲೆಕ್ಕಪತ್ರದಲ್ಲಿ ಒಂದು ಅಂಕಿ ತಪ್ಪಿದರೆ ಅನಾಹುತ, ಸಿನಿಮಾದಲ್ಲಿ ಒಂದು ಚುಕ್ಕೆ ತಪ್ಪಿದರೆ ಯಾರಿಗೂ ಗೊತ್ತಾಗದು ಎಂಬ ಧೈರ್ಯ. ಹಳೆಯ ವಿಸಿಡಿ ನಡುವೆ ಚೌಕ ಚೌಕವಾಗಿ ಒಡೆದು ನಿಲ್ಲುವುದಕ್ಕೆ ಇದೂ ಒಂದು ಕಾರಣ.

*

ಒಂದು ವಿಸಿಡಿಯಲ್ಲಿ ಹಿಡಿಸುವುದು 80 ನಿಮಿಷ. ನಮ್ಮ ಸಿನಿಮಾಗಳಿಗೆ ಈ ಅಳತೆ ಎಂದೂ ಒಗ್ಗಲಿಲ್ಲ. 1957ರ ತೆಲುಗಿನ ‘ಮಾಯಾಬಜಾರ್’ ಮೂರು ಗಂಟೆ ದಾಟುತ್ತದೆ. ವಿಸಿಡಿಯಾದರೆ ಮೂರು ಡಿಸ್ಕು ಬೇಕೇ ಬೇಕು. ಸಿನಿಮಾಕ್ಕೆ ಮಧ್ಯಂತರ ಇದ್ದೇ ಇದೆಯಲ್ಲ, ಅಲ್ಲೇ ಕತ್ತರಿಸಬಾರದೆ ಎಂದುಕೊಂಡಿದ್ದೆ. ಮೊದಲರ್ಧವೇ 90 ನಿಮಿಷವಿದ್ದರೆ ಕತ್ತರಿಸುವುದೆಲ್ಲಿ? ಹಾಗಾಗಿ ಹಾಡಿನ ನಡುವೆ, ಕೆಲವೊಮ್ಮೆ ಮಾತಿನ ನಡುವೆ ಡಿಸ್ಕು ಮುಗಿಯುತ್ತಿತ್ತು. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ಶುರುಮಾಡಿದಾಗ, ಆರು ರೂಪಾಯಿ ಹೆಚ್ಚು ಕೊಟ್ಟರೆ ಇಡೀ ಸಿನಿಮಾ ಒಂದೇ ಡಿಸ್ಕಿನಲ್ಲಿ ಬಂತು.

*

ಡಿವಿಡಿಯಲ್ಲೂ ಒಂದು ಗೊಂದಲ. ಡಬ್ಬದ ಮೇಲೆ 4.7 ಜಿಬಿ, ಕಂಪ್ಯೂಟರಿನಲ್ಲಿ 4.38ರ ಹತ್ತಿರ. ಡಿಸ್ಕಿನವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. 4.5 ಜಿಬಿಯ ಫೈಲ್ ಹಿಡಿಸದೆ ಹೋಗುವುದು ಇದಕ್ಕೇ.

*

ಹೈದರಾಬಾದಿನ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಬೀದರ್, ಕಲಬುರಗಿ, ರಾಯಚೂರು 1948ರವರೆಗೂ ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಕಡೆಯಿಂದ ಬಂದ ಎಷ್ಟೋ ಮನೆತನಗಳು ಈ ಊರಿನವೇ ಆಗಿಹೋಗಿವೆ. ಅಂಥ ಒಂದು ಮನೆಯ ಮದುವೆಯ ಡಿವಿಡಿಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಡುತ್ತಿದ್ದೇನೆ. ಮೇಲೆ ಮಾರ್ಕರಿನಲ್ಲಿ ಪಾರ್ಟ್ 1, ಪಾರ್ಟ್ 2, ಪಾರ್ಟ್ 3. ಮೊದಲನೆಯದರ ಕೊನೆಯಲ್ಲಿ ಅಂತರಪಟ ಹಿಡಿದಿದ್ದಾರೆ, ಮಂಗಳಾಷ್ಟಕ ನಡೆದಿದೆ, ವಧುವಿನ ಕೈಯಲ್ಲಿ ಜೀರಿಗೆ ಬೆಲ್ಲ. ಪಟ ಸರಿಯಬೇಕು, ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಜೀರಿಗೆ ಬೆಲ್ಲ ಹಾಕುವುದೂ ಧಾರೆಯೂ ಎರಡನೇ ಡಿಸ್ಕಿನಲ್ಲಿ.

“ಮುಹೂರ್ತಕ್ಕ ಸರಿಯಾಗಿ ಕತ್ತರಿಸ್ಯಾರ ನೋಡ್ರಿ” ಎಂದರು ಆ ಮನೆಯ ಅಜ್ಜಿ. ಅವರ ನೋವು ನಿಜವಾದದ್ದು.

ಯಾಕೆ ಹೀಗೆ? ಆಗಿನ ಮಿನಿ ಡಿವಿ ಕ್ಯಾಸೆಟ್ಟಿನ ಒಂದು ಗಂಟೆಯ ಚಿತ್ರ ಕಂಪ್ಯೂಟರಿಗೆ ಇಳಿದರೆ ಸುಮಾರು 13 ಜಿಬಿ. ಮೂರು ಕ್ಯಾಸೆಟ್ಟೆಂದರೆ 40 ಜಿಬಿ ಹತ್ತಿರ. ಅದನ್ನು ಕುಗ್ಗಿಸಿ, ಚೆನ್ನಾಗಿ ಕಾಣಬೇಕಾದರೆ ಡಿಸ್ಕಿಗೆ ಒಂದು ಗಂಟೆಯಂತೆ ಹಂಚಬೇಕು. ಸಿಕಂದರಾಬಾದಿನ ಸ್ಟುಡಿಯೋ ಒಂದರಲ್ಲಿ ಕೇಳಿದೆ. “ಡಿಸ್ಕ್ ತುಂಬಿದ ಕಡೆ ಕಟ್ ಆಗುತ್ತದೆ ಸಾರ್. ಸೀಸನ್‌ನಲ್ಲಿ ಪೂರ್ತಿ ಕೂತು ನೋಡೋರು ಯಾರು?” ಎಂದ ಹುಡುಗ. ಮದುವೆಯ ಸೀಸನ್ನಿನ ಒತ್ತಡ ನನಗೆ ಅರ್ಥವಾಗುತ್ತದೆ. ಆದರೂ ಐದು ನಿಮಿಷ ಮೊದಲು, ಎದುರುಗೊಳ್ಳುವ ಶಾಸ್ತ್ರ ಮುಗಿದ ಕಡೆ ಕತ್ತರಿಸಿದ್ದರೆ ಸಾಕಿತ್ತು. ಡಿಸ್ಕಿನಲ್ಲಿ ಸ್ವಲ್ಪ ಜಾಗ ಖಾಲಿ ಉಳಿದರೆ ನಷ್ಟವೇನು?

ಕತ್ತರಿಸುವವರಿಗೂ ಒಂದು ಮಿತಿಯಿದೆ. ವಿಡಿಯೋದಲ್ಲಿ ಎಲ್ಲ ಚಿತ್ರವೂ ಪೂರ್ತಿಯಾಗಿ ಇರುವುದಿಲ್ಲ. ಒಂದು ಪೂರ್ಣ ಚಿತ್ರ, ಅದರ ಹಿಂದೆ ಬರೀ ಬದಲಾವಣೆಗಳ ಸಾಲು. ಹೊಸದಾಗಿ ಕುಗ್ಗಿಸದೆ ಕತ್ತರಿಸುವುದಾದರೆ ಆ ಪೂರ್ಣ ಚಿತ್ರದ ಬಳಿಯೇ ಕತ್ತರಿಸಬೇಕು. ಡಿವಿಡಿಯಲ್ಲಿ ಅವು ಅರ್ಧ ಸೆಕೆಂಡಿಗೊಂದು ಸಿಗುತ್ತವೆ. ಡಿವ್‌ಎಕ್ಸ್ ಬಗೆಯಲ್ಲಿ ಕುಗ್ಗಿಸಿದ ಫೈಲುಗಳಲ್ಲಿ ಹತ್ತು ಸೆಕೆಂಡು ಕಾದರೂ ಸಿಗದೆ ಇರಬಹುದು.

*

ಇನ್ನೊಂದು ಬಗೆಯ ತುಂಡು: .001, .002 ಎಂದು ಹೆಸರಿರುವ ಫೈಲುಗಳು. ಬರೀ ಬೈಟ್ ಎಣಿಸಿ ಕತ್ತರಿಸಿದವು. ಎರಡನೆಯದು ತಾನಾಗಿ ಓಡುವುದಿಲ್ಲ. ಚಿತ್ರವನ್ನು ಓದುವ ಬಗೆ ಹೇಳುವ ತಲೆಬರಹ ಮೊದಲ ತುಂಡಿನಲ್ಲಿದೆ. ಎವಿಐ ಬಗೆಯ ಫೈಲಾದರೆ ಅದರ ಸೂಚಿ ಕೊನೆಯ ತುಂಡಿನಲ್ಲಿ. ತುಂಡಿಗೊಂದು ಡಿಸ್ಕಿನಂತೆ ಬರೆದಿಟ್ಟಿದ್ದರೆ, ಮೊದಲನೆಯದು ಕೆಟ್ಟಾಗ ಉಳಿದವೂ ಹೆಚ್ಚುಕಡಿಮೆ ಹೋದಂತೆಯೇ. ಮನೆಯ ನೆನಪುಗಳನ್ನು ಹೀಗೆ ಇಡಲೇಬಾರದು.

*

ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರ್ ಕಂಪ್ಯೂಟರ್ ಅಂಗಡಿಗಳ ದೊಡ್ಡ ಠಾವು. ಅಲ್ಲಿಗೂ ಈಗ ಬರುವ ಬಹುತೇಕ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಮೋಸರ್ ಬೇರ್ 2018ರಲ್ಲಿ ಮುಚ್ಚುವ ಆದೇಶಕ್ಕೆ ಒಳಗಾಯಿತು. ರೈಟ್ ಮಾಡಿದ ಡಿಸ್ಕಿನ ಬಣ್ಣದ ಪದರ ಬಿಸಿಲು, ಸೆಕೆಗೆ ಕೆಡುತ್ತದೆ. ಹೈದರಾಬಾದಿನ ಬೇಸಿಗೆ ಗೊತ್ತೇ ಇದೆ.

ನಿಮ್ಮ ಕಪಾಟಿನಲ್ಲೂ ಇಂಥ ಡಿಸ್ಕುಗಳಿದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಕೊಂಡೋ ಕೇಳಿ ತಂದೋ ಈ ತಿಂಗಳೇ ಇಳಿಸಿಕೊಳ್ಳಿ. ಡಿವಿಡಿಯೊಳಗಿನ ವಿಒಬಿ ಫೈಲುಗಳು ಒಂದೊಂದು ಜಿಬಿಗೆ ತುಂಡಾಗಿರುತ್ತವೆ, ಅವನ್ನು ಸಾಲಾಗಿ ಜೋಡಿಸಿದರೆ ಡಿಸ್ಕು ಒಂದೇ ಫೈಲಾಗುತ್ತದೆ. ಜಾಗವಿದ್ದರೂ ಪೆನ್ ಡ್ರೈವ್ 4 ಜಿಬಿ ಮೀರಿದ ಫೈಲನ್ನು ಬೇಡವೆಂದರೆ ಮತ್ತೆ ಕತ್ತರಿಸಬೇಡಿ. ಅದು ಫ್ಯಾಟ್32ರ ಮಿತಿ. ಒಳಗಿರುವುದನ್ನು ಬೇರೆಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಇಳಿಸಿದ ಮೇಲೆ ಮೊದಲಿಂದ ಕೊನೆವರೆಗೆ ಒಮ್ಮೆ ಕೂತು ನೋಡಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ.