ಏವನ್ ದಂಡೆಯ ಎರಡು ಕಲ್ಲುಗಳು

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ಗೆ ಬರುವ ಪ್ರವಾಸಿಗರೆಲ್ಲ ಎಲ್ಲೆಲ್ಲೋ ಸುತ್ತಿ ಕೊನೆಗೆ ತಲುಪುವುದು ಏವನ್ ನದಿಯ ದಂಡೆಯ ಹೋಲಿ ಟ್ರಿನಿಟಿ ಚರ್ಚಿಗೆ. ಎರಡೂ ಬದಿ ಸಾಲುಮರಗಳ ಹಾದಿ. ಆಚೀಚೆ ಪಾಚಿಗಟ್ಟಿದ ಹಳೆಯ ಗೋರಿಗಳು. ಒಳಗೆ, ಪೂರ್ವದ ತುದಿಯಲ್ಲಿ ಬಲಿಪೀಠದ ಮುಂದೆ, ನೆಲಕ್ಕೆ ಹಾಸಿದ ಕಲ್ಲುಗಳ ಒಂದು ಸಾಲು. ಜನ ಗುಂಪುಗೂಡುವುದು ಅವುಗಳಲ್ಲಿ ಒಂದರ ಎದುರು. ಅದು ಷೇಕ್ಸ್‌ಪಿಯರನ ಸಮಾಧಿ. ಆದರೆ ಕಲ್ಲಿನ ಮೇಲೆ ಅವನ ಹೆಸರೇ ಇಲ್ಲ! ಇರುವುದು ನಾಲ್ಕು ಸಾಲಿನ ಪದ್ಯ: ತನ್ನ ಎಲುಬುಗಳನ್ನು ಮುಟ್ಟದವರಿಗೆ ಹಾರೈಕೆ, ಕದಲಿಸಿದವರಿಗೆ ಶಾಪ.

ಅದರ ಪಕ್ಕದಲ್ಲೇ, ಗೋಡೆಯ ಕಡೆಗೆ, ಇನ್ನೊಂದು ಕಲ್ಲು. ಅದರ ಮೇಲೊಂದು ಸಣ್ಣ ಹಿತ್ತಾಳೆಯ ತಗಡು. ಕವಿಯ ಹೆಂಡತಿ ಆ್ಯನ್ ಹ್ಯಾಥವೇ ಮಲಗಿರುವುದು ಅಲ್ಲಿ. ತಮ್ಮನ್ನೂ ಅವನ ಸಮಾಧಿಯಲ್ಲೇ ಇಡಬೇಕೆಂದು ಹೆಂಡತಿ, ಹೆಣ್ಣುಮಕ್ಕಳು ಬಯಸಿದ್ದರಂತೆ. ಶಾಪಕ್ಕೆ ಹೆದರಿ ಕಲ್ಲನ್ನು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲವಂತೆ. 1693ರಲ್ಲಿ ಊರಿಗೆ ಬಂದಿದ್ದ ಪ್ರವಾಸಿಯೊಬ್ಬ ಕೇಳಿ ಬರೆದಿಟ್ಟ ಮಾತಿದು. ನಿಜವೋ ಕತೆಯೋ, ಗಂಡಹೆಂಡಿರ ನಡುವೆ ಎರಡು ಕಲ್ಲುಗಳು ಕೂಡುವ ಸಂದಿನಷ್ಟು ಅಂತರ ಉಳಿದೇ ಹೋಯಿತು.

ಪ್ರೀತಿಯನ್ನು ಕಾಲದ ಬಾಯಿಂದ ಉಳಿಸುವುದು ಹೇಗೆ? ಷೇಕ್ಸ್‌ಪಿಯರನನ್ನು ಬಹಳ ಕಾಡಿದ ಪ್ರಶ್ನೆ ಇದು. 1609ರಲ್ಲಿ ಅಚ್ಚಾದ ಅವನ 154 ಸುನೀತಗಳಲ್ಲಿ ಮೊದಲ 17 ಹೇಳುವುದು ಒಂದೇ ಮಾತು: ಚೆಲುವ ತರುಣನೇ, ಮದುವೆಯಾಗು, ಮಕ್ಕಳನ್ನು ಪಡೆ, ನಿನ್ನ ರೂಪ ಅವರಲ್ಲಿ ಉಳಿಯುತ್ತದೆ. ಮುಂದೆ ಕವಿಯ ಧಾಟಿ ಬದಲಾಗುತ್ತದೆ. ಕಲ್ಲು ಸವೆದೀತು, ಕಂಚು ಕರಗೀತು, ನನ್ನ ಪದ್ಯ ಮಾತ್ರ ನಿನ್ನನ್ನು ಉಳಿಸುತ್ತದೆ ಎನ್ನುತ್ತಾನೆ. ಯಾರನ್ನು? ಆ ಹೆಸರು ಮಾತ್ರ ಪುಸ್ತಕದಲ್ಲೆಲ್ಲೂ ಇಲ್ಲ. ನಾಲ್ಕು ಶತಮಾನಗಳಿಂದ ವಿದ್ವಾಂಸರು ಹುಡುಕುತ್ತಲೇ ಇದ್ದಾರೆ.

ಊರಿನಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ನಡೆದರೆ ಶಾಟರಿ. ಹುಲ್ಲುಚಾವಣಿಯ, ಮರದ ಚೌಕಟ್ಟಿನ ಮನೆ, ಮುಂದೆ ಹೂದೋಟ. ಇದು ಆ್ಯನ್‌ಳ ತವರು. 1582ರ ನವೆಂಬರಿನಲ್ಲಿ ಮದುವೆಯಾದಾಗ ಹುಡುಗನಿಗೆ 18, ಹುಡುಗಿಗೆ 26; ಆಕೆ ಆಗಲೇ ಬಸುರಿ. 145ನೆಯ ಸುನೀತದಲ್ಲಿ ಆಕೆಯ ತವರಿನ ಹೆಸರಿನ ಮೇಲೊಂದು ಶ್ಲೇಷೆ ಅಡಗಿದೆ ಎಂದು ಕೆಲವರು ಹೇಳುತ್ತಾರೆ. ಹೌದಾದರೆ ಹೆಂಡತಿಯ ಪಾಲಿಗೆ ಸಿಕ್ಕ ಅಮರತ್ವ ಅಷ್ಟೇ! 1969ರಲ್ಲಿ ಈ ಮನೆಯ ಚಾವಣಿಗೆ ಬೆಂಕಿ ಬಿತ್ತು. ಸುಟ್ಟ ಭಾಗವನ್ನು ಮತ್ತೆ ಹಳೆಯ ಬಗೆಯಲ್ಲೇ ಹೊದೆಸಿದರು. ಇಂದು ಬರುವವರಿಗೆ ಅದರ ಗುರುತೂ ಹತ್ತುವುದಿಲ್ಲ.

ಊರಿಗೆ ಮರಳಿ ಚಾಪೆಲ್ ಸ್ಟ್ರೀಟಿಗೆ ಬಂದರೆ ಅಲ್ಲಿರುವುದು ಮನೆಯಲ್ಲ, ಮನೆಯಿದ್ದ ಜಾಗ. 1597ರಲ್ಲಿ ಷೇಕ್ಸ್‌ಪಿಯರ್ ಇಲ್ಲಿ ‘ನ್ಯೂ ಪ್ಲೇಸ್’ ಎಂಬ ದೊಡ್ಡ ಮನೆಯನ್ನು ಕೊಂಡ. ಅದರ ಹಿಂದಿನ ವರ್ಷವಷ್ಟೇ ಒಬ್ಬನೇ ಮಗ ಹ್ಯಾಮ್ನೆಟ್ ಹನ್ನೊಂದರ ವಯಸ್ಸಿನಲ್ಲಿ ತೀರಿಕೊಂಡಿದ್ದ. ಮಕ್ಕಳಲ್ಲಿ ರೂಪ ಉಳಿಯುತ್ತದೆ ಎಂದು ಬರೆದವನ ಮಗನ ಸಮಾಧಿ ಎಲ್ಲಿದೆಯೆಂಬ ಗುರುತೂ ಇಲ್ಲ. ಮೊಮ್ಮಗಳು ಎಲಿಜಬೆತ್ 1670ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಳು. ಅಲ್ಲಿಗೆ ವಂಶವೇ ಮುಗಿಯಿತು. ಆಮೇಲೆ ಮನೆಯೂ ಹೋಯಿತು. ಅದನ್ನು ಕೊಂಡಿದ್ದ ಪಾದ್ರಿಯೊಬ್ಬ ನೋಡಲು ಬರುವವರ ಕಾಟಕ್ಕೆ ಬೇಸತ್ತು ತೋಟದ ಹಿಪ್ಪುನೇರಳೆ ಮರವನ್ನು ಕಡಿಸಿದ. 1759ರಲ್ಲಿ ಮನೆಯನ್ನೇ ಕೆಡವಿಸಿದ. ಈಗ ಅಲ್ಲಿರುವುದು ತೋಟ.

ಗಂಡ ಲಂಡನ್ನಿನಲ್ಲಿ, ಹೆಂಡತಿ ಊರಿನಲ್ಲಿ ಎಂಬುದು ಬಹುಕಾಲದ ನಂಬಿಕೆ. 1616ರ ಉಯಿಲಿನಲ್ಲಿ ಆತ ಆಕೆಗೆಂದು ಹೆಸರಿಸಿ ಕೊಟ್ಟದ್ದು ‘ಎರಡನೆಯ ದರ್ಜೆಯ ಮಂಚ’ ಮಾತ್ರ. ಅದೂ ಎರಡು ಸಾಲುಗಳ ನಡುವೆ ಆಮೇಲೆ ಸೇರಿಸಿದ್ದು. ಇದನ್ನು ಹಿಡಿದು ಆಡಿಕೊಂಡವರು ಬಹಳ. ಒಳ್ಳೆಯ ಮಂಚ ಅತಿಥಿಗಳದು, ಎರಡನೆಯದೇ ದಂಪತಿಗಳದು ಎಂದು ಸಮಾಧಾನ ಹೇಳಿದವರೂ ಇದ್ದಾರೆ. 2025ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಸ್ಟೆಗಲ್ ಇದಕ್ಕೆ ಹೊಸ ತಿರುವು ಕೊಟ್ಟರು. ಹೆರ್‌ಫರ್ಡ್‌ನಲ್ಲಿ ಹಳೆಯ ಪುಸ್ತಕವೊಂದರ ರಟ್ಟಿನಲ್ಲಿ ಸಿಕ್ಕಿದ್ದ ಕಾಗದದ ಚೂರಿನಲ್ಲಿ ‘ಶ್ರೀಮತಿ ಷೇಕ್ಸ್‌ಪಿಯರ್’ಗೆ ಬರೆದ ಪತ್ರವಿದೆ, ಲಂಡನ್ನಿನ ಟ್ರಿನಿಟಿ ಲೇನ್‌ನ ಮಾತೂ ಇದೆ. ಆಕೆ ಆ್ಯನ್‌ಳೇ ಆಗಿದ್ದರೆ, ಇಬ್ಬರೂ ಅಲ್ಲಿ ಕೂಡಿ ಬಾಳಿದ್ದ ಕಾಲವೂ ಇತ್ತು ಎಂದಾಗುತ್ತದೆ.

ನದಿಯತ್ತ ಇಳಿದರೆ ರಾಯಲ್ ಷೇಕ್ಸ್‌ಪಿಯರ್ ಥಿಯೇಟರ್. 1879ರಲ್ಲಿ ಕಟ್ಟಿದ ಮೊದಲ ರಂಗಮಂದಿರ 1926ರಲ್ಲಿ ಸುಟ್ಟುಹೋಯಿತು. 1932ರಲ್ಲಿ ಹೊಸದು ಎದ್ದಿತು. ಅದನ್ನೂ ಬಹಳವಾಗಿ ಮಾರ್ಪಡಿಸಿ 2010ರಲ್ಲಿ ಮತ್ತೆ ತೆರೆದರು. ನಾಟಕಗಳಲ್ಲೂ ಇಂಥದೇ ಮಾತಿದೆ. ‘ರೋಮಿಯೋ ಮತ್ತು ಜೂಲಿಯೆಟ್’ನ ಕೊನೆಯಲ್ಲಿ ಹಿರಿಯರು ಸತ್ತ ಮಕ್ಕಳಿಗೆ ಚಿನ್ನದ ಪ್ರತಿಮೆ ಮಾಡಿಸುವೆವು ಎನ್ನುತ್ತಾರೆ. ಬದುಕಿದ್ದಾಗ ಕೊಡದ ಪ್ರೀತಿಗೆ ಸತ್ತಮೇಲೆ ಚಿನ್ನ! ಕೊನೆಗಾಲದ ‘ದಿ ವಿಂಟರ್ಸ್ ಟೇಲ್’ನಲ್ಲಿ ಅದೇ ಕವಿ ಬೇರೆಯದನ್ನು ಹೇಳುತ್ತಾನೆ. ಸಂಶಯದಿಂದ ಹೆಂಡತಿಯನ್ನು ಕಳೆದುಕೊಂಡ ದೊರೆಗೆ ಹದಿನಾರು ವರ್ಷಗಳ ನಂತರ ಆಕೆಯ ಪ್ರತಿಮೆಯನ್ನು ತೋರಿಸುತ್ತಾರೆ. ಇವಳ ಮುಖದಲ್ಲಿ ಇಷ್ಟು ಸುಕ್ಕಿರಲಿಲ್ಲವಲ್ಲ ಎಂದು ಆತ ಬೆರಗಾಗುತ್ತಾನೆ. ಪ್ರತಿಮೆ ಕೆಳಗಿಳಿದು ಬರುತ್ತದೆ. ಆ ಕೈಯಲ್ಲಿ ಬಿಸುಪಿದೆ. ಉಳಿದು ಬಂದ ಪ್ರೀತಿಗೆ ವಯಸ್ಸೂ ಆಗಿದೆ.

ರಂಗಮಂದಿರದಿಂದ ನದಿಯ ದಂಡೆ ಹಿಡಿದು ನಡೆದರೆ ಮತ್ತೆ ಅದೇ ಚರ್ಚು. ಆ್ಯನ್ ತೀರಿಕೊಂಡದ್ದು 1623ರ ಆಗಸ್ಟ್ 6ರಂದು, 67ನೆಯ ವಯಸ್ಸಿನಲ್ಲಿ. ಗಂಡನ 36 ನಾಟಕಗಳ ಸಂಪುಟ ಹೊರಬಂದದ್ದು ಅದೇ ವರ್ಷದ ಕೊನೆಗೆ. ಅವುಗಳಲ್ಲಿ ಅರ್ಧದಷ್ಟು ಅದಕ್ಕೆ ಮುಂಚೆ ಅಚ್ಚಾಗಿರಲೇ ಇಲ್ಲ. ಆಕೆ ಅದನ್ನು ನೋಡಲಿಲ್ಲ.

ಆಕೆಯ ಕಲ್ಲಿನ ಹಿತ್ತಾಳೆಯ ತಗಡಿನಲ್ಲಿ ಲ್ಯಾಟಿನ್ ಪದ್ಯವೊಂದಿದೆ. ಅದರಲ್ಲಿ ಮಾತಾಡುವುದು ಗಂಡನಲ್ಲ, ಮಗಳು. ಎದೆಹಾಲನ್ನೂ ಜೀವವನ್ನೂ ಕೊಟ್ಟ ತಾಯಿಗೆ ತಾನು ಕೊಡುತ್ತಿರುವುದು ಕಲ್ಲು ಮಾತ್ರ ಎಂಬ ನೋವು ಅಲ್ಲಿದೆ. ದೇವದೂತ ಬಂದು ಈ ಕಲ್ಲನ್ನು ಸರಿಸಲಿ ಎಂಬ ಬೇಡಿಕೆ ಇದೆ. ಒಂದು ಕಲ್ಲು ಯಾರೂ ಕದಲಿಸಬೇಡಿ ಎನ್ನುತ್ತದೆ, ಪಕ್ಕದ್ದು ಯಾರಾದರೂ ಸರಿಸಿಯಾರೇ ಎಂದು ಕಾಯುತ್ತದೆ. ಕವಿಯ ಕಲ್ಲನ್ನು ನೋಡಿ ಹೊರಡುವ ಪ್ರವಾಸಿಗರು ಇನ್ನೊಂದು ಗಳಿಗೆ ಅಲ್ಲೇ ನಿಂತು ಎಡಕ್ಕೆ ಕಣ್ಣು ಹಾಯಿಸಿದರೆ ಸಾಕು, ಆ ತಗಡು ಕಾಣುತ್ತದೆ.