ಎರಡು ಥರದ ಸ್ಲಾಟಿನ ಬೋರ್ಡು

ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿನ ಮೇಲೆ ಸಿಕಂದರಾಬಾದಿಗೆ ಹೋಗುವ ಹಳಿ ನಿಜಾಮರ ಕಾಲದ್ದು. ನಮ್ಮ ಕಡೆಯ ಕಂಪ್ಯೂಟರ್ ವ್ಯಾಪಾರ ಬೆಳೆದದ್ದೂ ಈ ಹಳಿಯನ್ನೇ ನೆಚ್ಚಿಕೊಂಡು. ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್.ಪಿ. ರೋಡ್ ನಮಗೆ ಇಡೀ ರಾತ್ರಿಯ ಪ್ರಯಾಣ. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್‌ಗೆ, ಎಲ್ಲರ ಬಾಯಲ್ಲಿ ಸಿಟಿಸಿ, ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದಿತ್ತು. ಸೇಡಂನ ನನ್ನ ಅಂಗಡಿಗೆ ವಾಡಿ, ಶಹಾಬಾದ್, ಚಿತ್ತಾಪುರದವರು ರೈಲಿನಲ್ಲೇ ಬರುತ್ತಿದ್ದರು. ಚಿಂಚೋಳಿಗೆ ರೈಲಿಲ್ಲ. ಅಲ್ಲಿಯವರು ಸಿಪಿಯು ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ಇಳಿಯುತ್ತಿದ್ದರು.

ಹೀಗಾಗಿ ಮದರ್‌ಬೋರ್ಡ್ ಆರಿಸುವಾಗ ಪಟ್ಟಣದವರ ಲೆಕ್ಕವೇ ಬೇರೆ, ನಮ್ಮ ಲೆಕ್ಕವೇ ಬೇರೆ. ಅವರು ಮೊದಲು ಪ್ರೊಸೆಸರ್ ನೋಡುತ್ತಿದ್ದರು. ನಾವು ರ‍್ಯಾಮ್ ಸ್ಲಾಟ್ ನೋಡುತ್ತಿದ್ದೆವು. ಕೂಡದ ರ‍್ಯಾಮ್ ತಂದರೆ ಮತ್ತೆ ಒಂದು ದಿನ, ಮತ್ತೆ ಟಿಕೆಟ್ ಖರ್ಚು.

ಪೆಂಟಿಯಂ 4 ಬಂದ ಹೊಸತರಲ್ಲಿ ಇಂಟೆಲ್ ಅದಕ್ಕೆ ಗಂಟು ಹಾಕಿದ್ದು ಆರ್‌ಡಿ ರ‍್ಯಾಮನ್ನು. ಅದರ ದುಬಾರಿ ಬೆಲೆಗೆ ನಮ್ಮ ಕಡೆ ಯಾರೂ ಕೈ ಹಾಕಲಿಲ್ಲ. 2001ರ ಸೆಪ್ಟೆಂಬರಿನಲ್ಲಿ ಬಂದ 845 ಚಿಪ್‌ಸೆಟ್‌ನಲ್ಲಿ ಹಳೆಯ ಎಸ್‌ಡಿ ರ‍್ಯಾಮ್ ಕೂರುತ್ತಿತ್ತು. 2002ರ ಆರಂಭಕ್ಕೆ ಅದೇ 845 ಡಿಡಿಆರ್ ಸ್ಲಾಟಿನೊಂದಿಗೂ ಬಂತು. ಎಸ್‌ಡಿಗೆ 168 ಪಿನ್, ಎರಡು ಕಚ್ಚು. ಡಿಡಿಆರ್‌ಗೆ 184 ಪಿನ್, ಒಂದೇ ಕಚ್ಚು. ಆ ಪ್ರೊಸೆಸರ್‌ನ ಬಸ್ ಸೆಕೆಂಡಿಗೆ 3.2 ಜಿಬಿ ಎಳೆಯಬಲ್ಲದು, 133ರ ಎಸ್‌ಡಿ ಕೊಡುವುದು ಒಂದು ಜಿಬಿಯ ಆಸುಪಾಸು. ದುಡ್ಡು ಸುರಿದು ಪೆಂಟಿಯಂ 4 ತಂದು ಎಸ್‌ಡಿ ಬೋರ್ಡಿಗೆ ಕೂರಿಸುವುದು ಶುದ್ಧ ದಂಡ ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೂ ಮೊದಮೊದಲು ಹೋದದ್ದು ಅವೇ. 2001ರಲ್ಲಿ ಜಗತ್ತಿನಾದ್ಯಂತ ಮೆಮೊರಿ ಬೆಲೆ ಕುಸಿದಿತ್ತು. ಮೇಲಾಗಿ ಎಲ್ಲರ ಮನೆಯಲ್ಲೂ ಒಂದು ಹಳೇ 64 ಎಂಬಿ ಕಡ್ಡಿ ಇತ್ತು. “ಹಳೇದು ದಂಡ ಆಗಬಾರ್ದು ನೋಡ್ರಿ” ಎನ್ನುವುದು ಗಿರಾಕಿಯ ಮೊದಲ ಮಾತು.

ಅಗ್ಗಕ್ಕೆ ಬಿದ್ದ ಅವರೇ ಕೆಲವು ವರ್ಷ ಬಿಟ್ಟು ಮೆಮೊರಿ ಏರಿಸಲು ಬಂದಾಗ, ಅಷ್ಟೇ ಅಳತೆಯ ಎಸ್‌ಡಿ ಕಡ್ಡಿ ಡಿಡಿಆರ್‌ಗಿಂತ ತುಟ್ಟಿ. ಕಂಪನಿಗಳು ಹೊಸದರ ಕಡೆ ಹೊರಳಿದ ಮೇಲೆ ಹಳೆಯದು ಉಳಿಯುವುದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ, ಅವನು ಹೇಳಿದ್ದೇ ದರ.

ನಮ್ಮ ಸೀಮೆಗೆ ಇನ್ನೊಂದು ಕಾಟ, ಧೂಳು. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ ಸಿಮೆಂಟು. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ, ಪಾಲಿಶ್ ಹಿಡಿಯುವ ಯಂತ್ರಗಳು. ಪಾಲಿಶ್ ಘಟಕದ ಆಫೀಸಿನಿಂದ ಬಂದ ಡಬ್ಬಿಯ ಸ್ಕ್ರೂ ಬಿಚ್ಚಿದರೆ ಒಳಗೆ ಬೂದು ಹಿಟ್ಟು, ಫ್ಯಾನಿನ ರೆಕ್ಕೆಗೆ ಗಟ್ಟಿಯಾಗಿ ಮೆತ್ತಿಕೊಂಡಿರುತ್ತಿತ್ತು. ದೂರು ಮಾತ್ರ ಒಂದೇ: “ಚಾಲೂ ಮಾಡಿದ್ರ ಬರೇ ಕೂಗ್ತದ, ಡಿಸ್‌ಪ್ಲೇ ಇಲ್ಲ.” ಉದ್ದನೆಯ ಬೀಪ್ ಎಂದರೆ ಬಹುಪಾಲು ರ‍್ಯಾಮ್. ಕಡ್ಡಿ ಕಿತ್ತು, ಕೆಳಗಿನ ಚಿನ್ನದ ಪಟ್ಟಿಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಒಂದೇ ದಿಕ್ಕಿಗೆ ತಿಕ್ಕಿ, ರಬ್ಬರಿನ ಚೂರು ಊದಿ, ಸ್ಲಾಟಿಗೆ ಬ್ರಶ್ ಆಡಿಸಿ, ಎರಡೂ ಕಿವಿ ಟಕ್ ಎನ್ನುವ ತನಕ ಒತ್ತಿದರೆ ಯಂತ್ರ ಎದ್ದು ಕೂರುತ್ತಿತ್ತು. ರಬ್ಬರಿನಿಂದ ತಿಕ್ಕಿದ್ದಕ್ಕೆ ರೊಕ್ಕ ಯಾಕೆ ಎಂದು ಜಗಳ ತೆಗೆದವರೂ ಇದ್ದರು.

ಎರಡನೆಯ ದೊಡ್ಡ ಹೊರಳು 2009–10ರಲ್ಲಿ. ಆ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋಗಿ, ತಹಶೀಲ್ದಾರ್ ಕಚೇರಿಯ ಸುತ್ತ ‘ನುಡಿ’ ತಂತ್ರಾಂಶದಲ್ಲಿ ಅರ್ಜಿ ಟೈಪ್ ಮಾಡುವ ಡಿಟಿಪಿ ಅಂಗಡಿಗಳು ಎದ್ದಿದ್ದವು. ಡಿಡಿಆರ್2 ಇಳಿಮುಖ, ಡಿಡಿಆರ್3 ಹೊಸದು. ಆಗ ಬಂತು ಜಿ41 ಚಿಪ್‌ಸೆಟ್‌ನ ಕಾಂಬೋ ಬೋರ್ಡು: ಒಂದೇ ಹಲಗೆಯ ಮೇಲೆ ಎರಡೂ ಥರದ ಸ್ಲಾಟು, ಬಣ್ಣ ಬೇರೆ. ಎರಡಕ್ಕೂ 240 ಪಿನ್ನೇ, ಆದರೆ ಕಚ್ಚಿನ ಜಾಗ ಬೇರೆ, ವೋಲ್ಟೇಜ್ 1.8 ಮತ್ತು 1.5. ಒಂದು ಸಲಕ್ಕೆ ಒಂದು ಥರದ್ದು ಮಾತ್ರ. ಇದನ್ನು ಎಷ್ಟು ಬಿಡಿಸಿ ಹೇಳಿದರೂ “ಎಲ್ಲಾ ಸ್ಲಾಟು ತುಂಬ್ಸಿಬಿಡ್ರಿ, ಛೊಲೋ ಓಡ್ತದ” ಎನ್ನುವವರು ಇದ್ದೇ ಇದ್ದರು.

ಕಾಂಬೋ ಬೋರ್ಡು ನಮ್ಮಲ್ಲಿ ಹೋದ ಹಾಗೆ ಬೇರೆ ಯಾವುದೂ ಹೋಗಲಿಲ್ಲ. ಇದ್ದ ಡಿಡಿಆರ್2 ಈಗ ಹಾಕು, ಮುಂದೆ ಕೈಯಲ್ಲಿ ರೊಕ್ಕ ಬಂದಾಗ ಡಿಡಿಆರ್3 ತಗೋ. ಕೇಳಲು ಚಂದ. ಆ “ಮುಂದೆ” ಬಹಳ ಜನಕ್ಕೆ ಬರಲೇ ಇಲ್ಲ. ರಿಪೇರಿಗೆ ಬಂದ ಬೋರ್ಡುಗಳಲ್ಲಿ ಡಿಡಿಆರ್3 ಸ್ಲಾಟು ಒಮ್ಮೆಯೂ ಕಡ್ಡಿ ಕಾಣದೆ ಸಿಮೆಂಟ್ ಧೂಳು ತುಂಬಿಕೊಂಡೇ ಗುಜರಿಗೆ ಹೋದದ್ದನ್ನು ಎಷ್ಟೋ ನೋಡಿದ್ದೇನೆ. ಆ ಬೋರ್ಡಿನ 775 ಸಾಕೆಟ್‌ನ ಆಯುಷ್ಯವೇ ಆಗ ಮುಗಿಯುತ್ತ ಬಂದಿತ್ತು. 2010ರ ಜನವರಿಗೆ ಬಂದ ಐ3ಗೆ ಡಿಡಿಆರ್3 ಬಿಟ್ಟು ಬೇರೆ ದಾರಿಯಿಲ್ಲ. ಹಾಗಾಗಿ ಕೈಯಲ್ಲಿ ಹಳೇ ಕಡ್ಡಿ ಇದ್ದವರಿಗಷ್ಟೇ ಕಾಂಬೋ, ಹೊಸದಾಗಿ ಕೊಳ್ಳುವವರಿಗೆ ಬರೀ ಡಿಡಿಆರ್3 ಎಂದು ನಾನು ಹಟ ಹಿಡಿಯುತ್ತಿದ್ದೆ. ಕೆಲವರು ಹಟಕ್ಕೆ ಬೇಸತ್ತು ಬೇರೆ ಅಂಗಡಿ ಹತ್ತಿದರು.

ಆಮೇಲೆ ಲ್ಯಾಪ್‌ಟಾಪು, ಮೊಬೈಲು. ಸೈಬರ್ ಕೆಫೆಗಳು ಜೆರಾಕ್ಸ್ ಅಂಗಡಿಗಳಾದವು. ಬೋರ್ಡಿಗೇ ಬೆಸೆದ ರ‍್ಯಾಮ್ ಬಂದ ಮೇಲೆ ರಬ್ಬರಿಗೂ ಕೆಲಸವಿಲ್ಲ. ನನ್ನ ಅಂಗಡಿಯ ಗೋಡೆಯಲ್ಲಿ ಈಗ ಹೆಚ್ಚು ಜಾಗ ಸಿಸಿಟಿವಿ ಕ್ಯಾಮೆರಾಗಳದ್ದೇ.

ಮೊನ್ನೆ ಚಿಂಚೋಳಿಯ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. ಮಗನಿಗೆ ಹನ್ನೆರಡನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಸಿಕ್ಕಿದೆ, ಮನೆಯಲ್ಲಿ 8 ಜಿಬಿಯ ಎರಡು ಡಿಡಿಆರ್4 ಕಡ್ಡಿಗಳಿವೆ, ಅಂಗಡಿಯವನು ಡಿಡಿಆರ್5 ಬೋರ್ಡೇ ತಗೊಳ್ಳಿ ಎನ್ನುತ್ತಾನೆ, ಏನು ಮಾಡಲಿ? ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ದರ ಕೈಗೆಟುಕದಂತಾಗಿದೆ. ಈ ಸಲ ಹಳೇ ಕಡ್ಡಿಗೇ ಬೆಲೆ. ಎಚ್610 ಬೋರ್ಡು ಎರಡೂ ಥರದಲ್ಲಿ ಬರುತ್ತದೆ, ಡಿಡಿಆರ್4 ಇರುವುದನ್ನೇ ಕೇಳಿ ಎಂದೆ. “ಡಬ್ಬಿ ಮ್ಯಾಲ ಏನ್ ಬರದದ ಅಂತ ನೀವೇ ಓದ್ರಿ. ಅಂಗಡಿಯವ ಹೇಳಿದ್ದಕ್ಕ ಹೂಂ ಅನ್ನಬ್ಯಾಡ್ರಿ, ನಾನಾದ್ರೂ ಅಷ್ಟೇ.”