ಹತ್ತಲು ಕೇಬಲ್ ಕಾರ್, ಮರಳಲು ರೈಲು



ಜ್ಯೂರಿಕ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೀರಿ, ನಡುವೆ ಬಿಡುವು ಮಾಡಿಕೊಂಡು ಬೆಟ್ಟದ ಹಾದಿಯಲ್ಲಿ ಸೈಕಲ್ ಓಡಿಸಬೇಕು, ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ. ಡಾವೋಸಿಗೆ ಹೋಗಿ. ಹೆಸರು ಕೇಳಿದೊಡನೆ ಜನವರಿಯ ಸಮಾವೇಶ, ಕೋಟು ತೊಟ್ಟ ನಮ್ಮ ಮಂತ್ರಿಗಳು, ಹೂಡಿಕೆಯ ಒಪ್ಪಂದಗಳು ಕಣ್ಣಮುಂದೆ ಬರುವುದು ಸಹಜ. ಹಿಮ ಕರಗಿದ ಮೇಲೆ ಮಾತ್ರ ಅಲ್ಲಿನ ಬೆಟ್ಟಗಳೆಲ್ಲ ಸೈಕಲ್‌ನವರದ್ದು, ದನಗಳದ್ದು.

ಊರೇ 1,560 ಮೀಟರ್ ಎತ್ತರದಲ್ಲಿದೆ. ಭಾನುವಾರ ಬೆಳಗ್ಗೆ ನೀವು ಏದುಸಿರು ಬಿಡುತ್ತ ಹತ್ತುವ ನಂದಿ ಬೆಟ್ಟದ ನೆತ್ತಿ ಅದಕ್ಕಿಂತ ತಗ್ಗು! ಹಾಗಾಗಿ ಮೊದಲ ದಿನ ಸುಮ್ಮನೆ ಅಲ್ಲಿನ ಸರೋವರ ಸುತ್ತಿ ಬನ್ನಿ. ಒಂದು ಕಾಲಕ್ಕೆ ಕ್ಷಯರೋಗಿಗಳನ್ನು ಆ ಗಾಳಿಗೆಂದೇ ಕಳಿಸುತ್ತಿದ್ದರು, ನಿಮಗೂ ಒಗ್ಗೀತು.

ಮರುದಿನ ಸೈಕಲ್ ಸಮೇತ ಕೇಬಲ್ ಕಾರ್ ಹತ್ತಿ ಯಾಕೋಬ್ಸ್‌ಹಾರ್ನ್ ಶಿಖರಕ್ಕೆ, ಅಂದರೆ 2,590 ಮೀಟರಿಗೆ, ಹೋಗಿ. ತುಳಿದು ಹತ್ತಲಿಲ್ಲವಲ್ಲ ಎಂಬ ಬೇಸರ ಬೇಡ, ಅಲ್ಲಿ ಬೆವರು ಕೀಳುವುದು ಇಳಿಜಾರೇ. ಆಲ್ಪ್ಸ್ ಎಪಿಕ್ ಟ್ರೇಲ್ ಎಂಬ ಹಾದಿ ಸೆರ್ಟಿಗ್ ಕಣಿವೆ, ರಿನರ್‌ಹಾರ್ನ್ ಬೆಟ್ಟದ ಬದಿ, ಮೋನ್‌ಸ್ಟೈನ್ ಹಳ್ಳಿ ಎಲ್ಲ ದಾಟಿ ಸುಮಾರು 40 ಕಿ.ಮೀ. ದೂರದ ಫಿಲಿಸೂರ್ ಮುಟ್ಟುತ್ತದೆ. ನಡುನಡುವೆ ಏರೂ ಇದೆ. ಸಾಕೆನಿಸಿದರೆ ಸೆರ್ಟಿಗ್‌ನಿಂದಲೇ ಟಾರು ರಸ್ತೆ ಹಿಡಿದು ಊರಿಗೆ ಮರಳಬಹುದು.

ಲಿಫ್ಟಿನ ಬುಡದಲ್ಲೇ ಸುತ್ತಿಸುವ ಬೈಕ್ ಪಾರ್ಕ್‌ಗಳು ನನಗೆ ರುಚಿಸುವುದಿಲ್ಲ. ಹದ ಮಾಡಿದ ತಿರುವು, ಹಾರಲೆಂದೇ ಕಟ್ಟಿದ ದಿಬ್ಬ, ಮತ್ತೆ ಕ್ಯೂ. ಎಪಿಕ್ ಟ್ರೇಲಿನ ಬಹುಭಾಗ ಬೆಟ್ಟದವರ ಕಾಲುದಾರಿ. ಡಾವೋಸ್ ಇರುವ ಗ್ರೌಬ್ಯುಂಡನ್ ಪ್ರಾಂತದಲ್ಲಿ ನಡೆಯುವವರಿಗೂ ಸೈಕಲ್‌ಗೂ ಬೇರೆಬೇರೆ ದಾರಿ ಹಂಚುವ ಬದಲು ಒಂದನ್ನೇ ಇಬ್ಬರೂ ಬಳಸುವ ರೂಢಿ ಇಟ್ಟುಕೊಂಡಿದ್ದಾರೆ. ಎದುರಿಗೆ ಯಾರಾದರೂ ನಡೆದು ಬಂದರೆ ನಿಧಾನಿಸಿ, ಬೇಕಾದರೆ ಕಾಲೂರಿ ನಿಂತು, ದಾರಿ ಬಿಡುವುದು ನಮ್ಮ ಕೆಲಸ. ಅಲ್ಲಿನ ನಮಸ್ಕಾರವಾದ 'ಗ್ರೂಟ್ಸಿ' ಹೇಳಿದರೆ ಅವರೂ 'ಗ್ರೂಟ್ಸಿ' ಎನ್ನುತ್ತಾರೆ, ಅಲ್ಲಿಗೆ ವ್ಯವಹಾರ ಮುಗಿಯಿತು.

ದನಗಳ ಜೊತೆ ಅಷ್ಟು ಸುಲಭವಲ್ಲ. ಮೇಲಿನ ಹುಲ್ಲುಗಾವಲುಗಳಲ್ಲಿ ದಾರಿಗೆ ಅಡ್ಡವಾಗಿ ಕರೆಂಟಿನ ತಂತಿ ಎಳೆದಿರುತ್ತಾರೆ. ತುದಿಯ ಪ್ಲಾಸ್ಟಿಕ್ ಹಿಡಿಯನ್ನು ಕೊಕ್ಕೆಯಿಂದ ಬಿಡಿಸಿ, ಸೈಕಲ್ ದಾಟಿಸಿ, ಮತ್ತೆ ಸಿಕ್ಕಿಸಿಯೇ ಮುಂದೆ ಹೋಗಬೇಕು. ತಂತಿ ಹ್ಯಾಂಡಲ್‌ಗೆ ತಗುಲದಂತೆ ದೂರ ಹಿಡಿಯಿರಿ. ಕರುವಿರುವ ಹಸು ಕಂಡರೆ ಫೋಟೋ ಆಸೆ ಬಿಟ್ಟು ದೂರದಿಂದಲೇ ಬಳಸಿ ಹೋಗಿ.

ಕೆಳಗಿಳಿದಂತೆ ಲಾರ್ಚ್, ಸ್ಪ್ರೂಸ್ ಮರಗಳ ಕಾಡು. ದಾರಿಗೆ ಓರೆಯಾಗಿ ಹರಡಿದ ಬೇರುಗಳು ಮಳೆ ಬಿದ್ದ ಮರುದಿನ ಸೋಪು ಸವರಿದಂತಿರುತ್ತವೆ. ಬೇರಿನ ಮೇಲೆ ಬ್ರೇಕ್ ಹಿಡಿದಿರೋ, ಮುಂದಿನ ಚಕ್ರ ಪಕ್ಕಕ್ಕೆ ಹೋಯಿತೆಂದೇ ಲೆಕ್ಕ. ಅದಕ್ಕೆ ಮೊದಲೇ ವೇಗ ತಗ್ಗಿಸಿ, ದಾಟುವಾಗ ಬೆರಳು ಸಡಿಲಿಸಿ. ಸೀಟನ್ನು ಪೂರ್ತಿ ಇಳಿಸಿ ಪೆಡಲ್ ಮೇಲೆ ನಿಲ್ಲಿ. ಇಕ್ಕಟ್ಟಿನ ತಿರುವಿನಲ್ಲಿ ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲೆ ಬೇಡ, ತಿರುವು ಮುಗಿಯುವ ಕಡೆ ಇರಲಿ. ಹಾದಿಗಳ ಕಷ್ಟವನ್ನು ಎಸ್0ರಿಂದ ಎಸ್5ರವರೆಗೆ ಅಳೆಯುತ್ತಾರೆ. ನಿಮ್ಮಂಥ ಡಾಂಬರು ರಸ್ತೆಯ ಸವಾರರಿಗೆ ಎಸ್1 ಧಾರಾಳ. ಅದಕ್ಕೂ ಬಿಗಿಯಾದ ಕಡೆ ಇಳಿದು ತಳ್ಳಿ, ಯಾರೂ ನಗುವುದಿಲ್ಲ.

ಫಿಲಿಸೂರ್‌ನಲ್ಲಿ ರೇಷಿಯನ್ ರೈಲ್ವೆಯ ಕೆಂಪು ರೈಲು ಸಿಗುತ್ತದೆ. ಸೈಕಲ್‌ಗೂ ಟಿಕೆಟ್ ಕೊಳ್ಳಬೇಕು. 1909ರಲ್ಲಿ ತೆರೆದ ಮಾರ್ಗ ಅದು. ವೀಸನ್ ಸೇತುವೆಯ ಮೇಲೆ ಹೋಗುವಾಗ ಲಾಂಡ್‌ವಾಸರ್ ನದಿ 80 ಮೀಟರಿಗೂ ಹೆಚ್ಚು ಕೆಳಗಿರುತ್ತದೆ. ದಿನವಿಡೀ ಇಳಿದು ಬಂದ ನಿಮ್ಮನ್ನು ರೈಲು ಅರ್ಧ ಗಂಟೆಯೊಳಗೆ ಡಾವೋಸಿಗೆ ಮರಳಿಸಿಬಿಡುತ್ತದೆ. ಸ್ವಲ್ಪ ಅವಮಾನವೇ ಅನ್ನಿ.

ಕೊನೆಗೊಂದು ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಗೆ ಮುಂದಿನ ಬ್ರೇಕ್, ಅಲ್ಲಿ ಎಡಗೈಗೆ. ಬಾಡಿಗೆ ಅಂಗಡಿಯ ಮುಂದೆಯೇ ನಾಲ್ಕು ಸುತ್ತು ಹೊಡೆದು ಕೈಗೆ ಅಭ್ಯಾಸ ಮಾಡಿಸಿ, ಇಲ್ಲವೇ ಬದಲಾಯಿಸಿ ಕೊಡಲು ಕೇಳಿ. ಹೊರಡುವ ತಾರೀಖು ತಿಳಿಸಿ, ನನ್ನ ಮೊಣಕಾಲಿನ ಪ್ಯಾಡ್ ಕಳಿಸಿಕೊಡುತ್ತೇನೆ.

ನಿಮ್ಮ ಗೆಳೆಯ